ಅಲೆ ಅಡಗಿದ ಮೇಲಿನ ಕಷ್ಟ: ಹಿಮಗಡಲಿನಲ್ಲಿ ಹಡಗಿನಿಂದ ಗುರುತ್ವ ಅಳೆಯುವುದು

ಕಡಲ ಮೇಲೆ ಗುರುತ್ವ ಅಳೆಯುವ ಕೆಲಸದ ಬಗ್ಗೆ ಎಲ್ಲಿ ಓದಿದರೂ ಮೊದಲು ಬರುವುದು ಅಲೆಯ ಮಾತು. ಹಡಗನ್ನು ಒಂದು ಮೀಟರ್ ಮೇಲಕ್ಕೆ, ಒಂದು ಮೀಟರ್ ಕೆಳಕ್ಕೆ ತೂಗುವ, 8 ಸೆಕೆಂಡಿಗೊಮ್ಮೆ ಬರುವ ಸಾಧಾರಣ ಅಲೆಯನ್ನೇ ತೆಗೆದುಕೊಳ್ಳಿ. ಅದರಿಂದ ಮಾಪಕಕ್ಕೆ ತಗಲುವ ವೇಗೋತ್ಕರ್ಷ ಸುಮಾರು 61,700 ಮಿಲಿಗಾಲ್ (ಗುರುತ್ವ ಅಳೆಯುವ ಸಣ್ಣ ಮಾನ). ನಮಗೆ ಬೇಕಾದದ್ದು ಒಂದೆರಡು ಮಿಲಿಗಾಲ್‌ನ ವ್ಯತ್ಯಾಸ, ಅಂದರೆ ಭೂಮಿಯ ಸೆಳೆತದ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಇಷ್ಟಾದರೂ ತೆರೆದ ಕಡಲಿನಲ್ಲಿ ಕೆಲಸ ನಡೆಯುತ್ತದೆ, ಏಕೆಂದರೆ ಅಲೆ ಮೇಲೆ ತಳ್ಳಿದಷ್ಟೇ ಕೆಳಗೂ ಎಳೆಯುತ್ತದೆ. ಕೆಲವು ನಿಮಿಷಗಳ ಸರಾಸರಿ ತೆಗೆದರೆ ಅದು ತಾನಾಗಿಯೇ ಕಳೆದುಹೋಗುತ್ತದೆ.

ಮಂಜುಗಡ್ಡೆಯ ಒಳಕ್ಕೆ ಹೋದಂತೆ ಈ ತೂಗಾಟ ಅಡಗುತ್ತದೆ. ಗಡ್ಡೆಯ ಹಾಸು ಸಣ್ಣ ಅಲೆಗಳನ್ನು ಅಂಚಿನಲ್ಲೇ ನುಂಗುತ್ತದೆ. ಮಾಪಕದ ಪರದೆಯ ಮೇಲೆ ಗೆರೆ ನೇರವಾಗಿ ಓಡುವುದನ್ನು ಕಂಡವರಿಗೆ ಇನ್ನು ಚಿಂತೆಯಿಲ್ಲ ಅನ್ನಿಸಬಹುದು. ನಿಜವಾದ ಚಿಂತೆ ಶುರುವಾಗುವುದೇ ಅಲ್ಲಿ. ಹಿಮಗಡಲಿನಲ್ಲಿ ಮಾಹಿತಿಯನ್ನು ಕೆಡಿಸುವುದು ಕಡಲಲ್ಲ, ಹಡಗಿನ ನಡೆ. ಅದು ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಗಡ್ಡೆ ಒಡೆಯಲು ಗುದ್ದುತ್ತದೆ, ಬಿರುಕು ಸಿಕ್ಕ ಕಡೆಗೆ ತಿರುಗುತ್ತದೆ. ಅಲೆಯಂತೆ ಇದು ಸರಾಸರಿಯಲ್ಲಿ ಕರಗುವುದಿಲ್ಲ. ಹಾಗಾಗಿ ಅಲ್ಲಿ ಗುರುತ್ವಮಾಪಕ ಎಷ್ಟು ಒಳ್ಳೆಯದು ಎನ್ನುವುದಕ್ಕಿಂತ ಹಡಗಿನ ವೇಗ, ದಿಕ್ಕು, ಹೊತ್ತು ಎಷ್ಟು ಸರಿಯಾಗಿ ದಾಖಲಾಗಿವೆ ಎನ್ನುವುದು ದೊಡ್ಡ ಪ್ರಶ್ನೆ.

ಉಪಗ್ರಹಗಳ ಕಾಲದಲ್ಲಿ ಈ ಪಾಡು ಏಕೆ ಎಂದು ಕೇಳುವವರಿದ್ದಾರೆ. ಕಡಲ ಮೇಲ್ಮೈಯ ಎತ್ತರ ಅಳೆದು ಗುರುತ್ವ ಲೆಕ್ಕ ಹಾಕುವ ಉಪಗ್ರಹಗಳಿಗೆ ಮಂಜುಗಡ್ಡೆಯ ನಡುವಿನ ಬಿರುಕುಗಳಲ್ಲಷ್ಟೇ ನೀರು ಕಾಣುತ್ತದೆ. ಇಆರ್‌ಎಸ್ ಉಪಗ್ರಹಗಳ ಕಕ್ಷೆ ಸುಮಾರು 81.5 ಡಿಗ್ರಿಗೆ ಮುಗಿಯುತ್ತಿತ್ತು, ಕ್ರಯೋಸ್ಯಾಟ್-2 ಸುಮಾರು 88 ಡಿಗ್ರಿಯವರೆಗೆ ಹೋಗುತ್ತದೆ. ಖಂಡದ ಅಂಚಿನ ಇಳಿಜಾರು ಎಲ್ಲಿ ಮುಗಿಯುತ್ತದೆ, ಆರ್ಕ್ಟಿಕ್ ಕಡಲತಳದ ಗಕ್ಕೆಲ್ ಏಣಿನ ಕೆಳಗೆ ತೊಗಟೆ ಎಷ್ಟು ತೆಳ್ಳಗಿದೆ ಎಂಬಂಥ ಪ್ರಶ್ನೆಗಳಿಗೆ ಹಡಗಿನ ಸಾಲುಗಳೇ ಬೇಕು. ಉಪಗ್ರಹದ ನಕ್ಷೆ ಸರಿಯೇ ಎಂದು ಪರೀಕ್ಷಿಸಲೂ ಅವೇ ಬೇಕು.

ಮಾಪಕಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಹಡಗಿನಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆ. ಮೊದಲನೆಯದು ಲಕೋಸ್ಟ್ ಮಾದರಿ: ಶೂನ್ಯ ಉದ್ದದ ಸ್ಪ್ರಿಂಗಿಗೆ (ಇಡೀ ಉದ್ದಕ್ಕೆ ತಕ್ಕಂತೆ ಎಳೆಯುವ ಸ್ಪ್ರಿಂಗು) ತೂಗುಬಿಟ್ಟ ತೋಳು, ಅದಕ್ಕೆ ಭಾರಿ ತಡೆ. ಇಲ್ಲಿ ಗುರುತ್ವ ಎಂದರೆ ಸ್ಪ್ರಿಂಗಿನ ಬಿಗಿತ, ತೋಳು ಚಲಿಸುವ ವೇಗಕ್ಕೆ ಒಂದು ಗುಣಕ, ಜೊತೆಗೆ ಅಡ್ಡ ಜೋಡಣೆಯ ತಿದ್ದುಪಡಿ. ತೋಳು ಸಮತಲದಿಂದ ಸರಿದಿರುವಾಗಲೇ ಅಡ್ಡ ಎಳೆತವೂ ಬಿದ್ದರೆ ಸುಳ್ಳು ಗುರುತ್ವ ಹುಟ್ಟುತ್ತದೆ, ಅದಕ್ಕಾಗಿ ಈ ಮೂರನೆಯ ಪದ. ಎರಡನೆಯದು ಬೆಲ್ ಬಿಜಿಎಂ-3: ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತಿದ ಒಂದು ತೂಕ, ಅದನ್ನು ಅಲ್ಲಾಡದಂತೆ ಹಿಡಿದಿಡಲು ಎಷ್ಟು ವಿದ್ಯುತ್ ಬೇಕೋ ಅದೇ ಅಳತೆ. ತೂಕ ಒಂದೇ ನೇರದಲ್ಲಿ ಚಲಿಸುವುದರಿಂದ ಅಡ್ಡ ಜೋಡಣೆಯ ಕಾಟವಿಲ್ಲ. ಗಡ್ಡೆ ಒಡೆದು ಸಾಗುವ ಹಡಗಾದ ಅಮೆರಿಕದ ಹೀಲಿ ಐಸ್‌ಬ್ರೇಕರಿನಲ್ಲಿ ಇಂಥ ಮಾಪಕಗಳು ಕೆಲಸ ಮಾಡಿವೆ. ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಬಳಸಿದ ಕೆಎಸ್‌ಎಸ್-31 ಕೂಡ ನೇರ ಚಲನೆಯದೇ, ಆದರೆ ಸ್ಪ್ರಿಂಗಿನದು. ಮೂರನೆಯದು ಈಚಿನದು: ಮೊದಲೆರಡು ಬಗೆ ಕೂರುವ, ಸಮತಲ ಕಾಯುವ ಪ್ಲಾಟ್‌ಫಾರಂ ಇಲ್ಲದೆ ಹಡಗಿಗೇ ಬಿಗಿದ ಜಡತ್ವ ಮಾಪಕ, ವಾಲಿದ್ದನ್ನೆಲ್ಲ ಲೆಕ್ಕದಲ್ಲೇ ಸರಿಮಾಡುತ್ತದೆ. ಗುದ್ದುವ ಹಡಗಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಕೋಣೆಯ ಉಷ್ಣತೆ ಏರಿಳಿದರೆ ಓದು ಜಾರುತ್ತದೆ.

ಮಾಪಕ ಕೂರಿಸುವ ಜಾಗ: ಹಡಗು ಉರುಳುವ ಮತ್ತು ಮುಗ್ಗರಿಸುವ ಅಕ್ಷಗಳು ಸೇರುವ ನಡುಭಾಗ, ನೀರಿನ ಗೆರೆಯ ಹತ್ತಿರದ ಅಂತಸ್ತು, ಮೂತಿಯಿಂದ ದೂರ. ಐಸ್‌ಬ್ರೇಕರಿನಲ್ಲಿ ಮೂತಿಯ ಕಡೆಯ ಕೋಣೆ ಎಷ್ಟೇ ಖಾಲಿ ಇದ್ದರೂ ಒಪ್ಪಬಾರದು. ಗಡ್ಡೆ ಹಡಗಿನ ಒಡಲಿಗೆ ಬಡಿಯುವ ಪ್ರತಿ ಏಟೂ ಅಲ್ಲಿ ನೆಲದಿಂದಲೇ ಬರುತ್ತದೆ. ಹೊರಗಿನ ಬಾಗಿಲಿಗೆ ನೇರ ತೆರೆದುಕೊಳ್ಳುವ ಕೋಣೆಯೂ ಬೇಡ. ಬಾಗಿಲು ತೆರೆದಾಗಲೆಲ್ಲ ಶೀತಗಾಳಿ ನುಗ್ಗಿದರೆ, ಸಂವೇದಕ ತನ್ನ ಒಳಗಿನ ಹೀಟರಿನಿಂದ ಹೇಗೋ ತಡೆದುಕೊಳ್ಳುತ್ತದೆ, ಹೊರಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ತಡೆದುಕೊಳ್ಳುವುದಿಲ್ಲ. ಯುಪಿಎಸ್ ಕಡ್ಡಾಯ. ಹೀಟರಿಗೆ ಒಂದೆರಡು ತಾಸು ಕರೆಂಟು ಹೋದರೂ ಸ್ಪ್ರಿಂಗು ತನ್ನ ಹಳೆಯ ನಡತೆಗೆ ಮರಳಲು ದಿನಗಳು ಬೇಕು. ಪಯಣಕ್ಕೆ ಮುಂಚೆ ಒಂದು ವಾರವಾದರೂ ಮಾಪಕ ಬಿಸಿಯಾಗಿ, ಒಂದೇ ಸಮ ಓಡುತ್ತಿರಲಿ. ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಸ್ಥಾನನಿರ್ಣಯ) ಆಂಟೆನಾದಿಂದ ಸಂವೇದಕದವರೆಗಿನ ಮೂರೂ ದಿಕ್ಕಿನ ದೂರವನ್ನು ಟೇಪು ಹಿಡಿದು ಅಳೆದು ಬರೆದಿಡಬೇಕು. ನಕ್ಷೆ ನೋಡಿ ಬರೆದ ಅಂಕಿಯನ್ನು ನಂಬಬೇಡಿ.

ಇನ್ನು ಬಂದರಿನ ಕೆಲಸ. ಹಡಗಿನ ಮಾಪಕ ತಾನಾಗಿ ಗುರುತ್ವದ ಪೂರ್ಣ ಬೆಲೆ ಹೇಳುವುದಿಲ್ಲ, ವ್ಯತ್ಯಾಸವನ್ನಷ್ಟೇ ಹೇಳುತ್ತದೆ. ಬೆಲೆ ಗೊತ್ತಿರುವ ನೆಲದ ಗುರುತಿಗೆ ಅದನ್ನು ಕಟ್ಟಬೇಕು. ಭೂಮಿಯ ಮೇಲೆ ಬಳಸುವ ಸಣ್ಣ ಮಾಪಕ ಹಿಡಿದು ಗುರುತಿನ ಕಲ್ಲಿನಿಂದ ಧಕ್ಕೆಗೆ (ಹಡಗು ಕಟ್ಟುವ ಕಟ್ಟೆಗೆ), ಧಕ್ಕೆಯಿಂದ ಮತ್ತೆ ಕಲ್ಲಿಗೆ, ಪುನಃ ಧಕ್ಕೆಗೆ ಹೋಗಿಬಂದು ಓದಬೇಕು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಸಣ್ಣ ಮಾಪಕದ ಜಾರಿಕೆಯೂ (ಓದು ಹೊತ್ತಿನೊಂದಿಗೆ ತಾನಾಗಿ ಸರಿಯುವುದು) ನಿಜವಾದ ವ್ಯತ್ಯಾಸವೂ ಬೇರೆ ಮಾಡಲಾರದಂತೆ ಬೆರೆತುಹೋಗುತ್ತವೆ. ಧಕ್ಕೆಯ ಓದಿನ ಹೊತ್ತಿಗೇ ಹಡಗಿನ ಓದನ್ನೂ ತೆಗೆಯಬೇಕು, ನೀರಿನ ಮಟ್ಟದಿಂದ ಧಕ್ಕೆಯ ಅಂಚು ಎಷ್ಟು ಮೇಲಿದೆ ಎಂದು ಮೊದಲು, ನಡುವೆ, ಕೊನೆಗೆ ಮೂರು ಸಲ ಅಳೆಯಬೇಕು. ಎತ್ತರದ ಪ್ರತಿ ಮೀಟರಿಗೆ 0.3086 ಮಿಲಿಗಾಲ್. ಸಂವೇದಕ ಧಕ್ಕೆಯ ಗುರುತಿಗಿಂತ 3.2 ಮೀಟರ್ ಕೆಳಗಿದ್ದರೆ 0.99 ಮಿಲಿಗಾಲ್ ಕೂಡಿಸಬೇಕು. ಉಬ್ಬರವಿಳಿತ ದೊಡ್ಡದಾಗಿರುವ ಬಂದರಿನಲ್ಲಿ ಒಂದೇ ಸಲ ಅಳೆದು ಸುಮ್ಮನಾದರೆ ಆ ತಪ್ಪು ಇಡೀ ಪಯಣಕ್ಕೆ ಅಂಟಿಕೊಳ್ಳುತ್ತದೆ.

ಧ್ರುವಪ್ರದೇಶಕ್ಕೇ ವಿಶೇಷವಾದ ಒಂದು ಬಲೆ ಈ ಹಂತದಲ್ಲಿದೆ. ಅದರ ಬಗ್ಗೆ ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗುರುತ್ವ ಸಮಭಾಜಕದಿಂದ ಧ್ರುವಕ್ಕೆ ಹೋದಂತೆ ಹೆಚ್ಚುತ್ತದೆ. ಅಕ್ಷಾಂಶಕ್ಕೆ ತಕ್ಕ ಸಾಮಾನ್ಯ ಗುರುತ್ವ ಹೇಳುವ 1980ರ ಪ್ರಮಾಣಸೂತ್ರದಲ್ಲಿ ಸಮಭಾಜಕದ ಬೆಲೆ 978,032.7 ಮಿಲಿಗಾಲ್, ಧ್ರುವದ ಬೆಲೆ 983,218.6. ಜರ್ಮನಿಯ ಬ್ರೆಮರ್‌ಹಾಫೆನ್‌ನಂಥ 53.5 ಡಿಗ್ರಿಯ ಬಂದರಿನಿಂದ ಹೊರಟು 85 ಡಿಗ್ರಿಗೆ ಹೋದರೆ ಮಾಪಕ ಸುಮಾರು 1,800 ಮಿಲಿಗಾಲ್ ಮೇಲೇರಬೇಕು. ಮಾಪಕದ ಗುಣಕದಲ್ಲಿ, ಅಂದರೆ ಎಣಿಕೆಯನ್ನು ಮಿಲಿಗಾಲ್‌ಗೆ ತಿರುಗಿಸುವ ಅಂಕಿಯಲ್ಲಿ, ಸಾವಿರಕ್ಕೆ ಒಂದು ಪಾಲು ತಪ್ಪಿದ್ದರೂ ಅಲ್ಲಿ 1.8 ಮಿಲಿಗಾಲ್ ತಪ್ಪು ಕಾಣುತ್ತದೆ. ಹೊರಟ ಬಂದರಿಗೇ ಮರಳಿ ಬಂದು ಓದಿದರೆ ಇದು ಪತ್ತೆಯಾಗುವುದೇ ಇಲ್ಲ. ಹೋದಾಗಿನ ಓದು, ಬಂದಾಗಿನ ಓದು ಎರಡೂ ಹೊಂದುತ್ತವೆ, ಜಾರಿಕೆ ಕಡಿಮೆ ಎಂದು ವರದಿಯಲ್ಲಿ ಬರೆಯುತ್ತಾರೆ, ಉತ್ತರದ ಸಾಲುಗಳೆಲ್ಲ ಒಂದೇ ಕಡೆಗೆ ಸರಿದು ನಿಂತಿರುತ್ತವೆ. ಬೇರೆ ಅಕ್ಷಾಂಶದ ಇನ್ನೊಂದು ಬಂದರಿನಲ್ಲೂ ಕಟ್ಟುವುದೊಂದೇ ದಾರಿ. 78 ಡಿಗ್ರಿಯ ಆಚೆ ಇರುವ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಅರ್ಧ ದಿನ ನಿಲ್ಲಲು ಸಿಕ್ಕರೆ ಬಿಡಬಾರದು. ಎರಡು ಬಂದರುಗಳ ನಡುವೆ 1,600 ಮಿಲಿಗಾಲ್‌ಗೂ ಹೆಚ್ಚಿನ ಅಂತರ ಸಿಗುತ್ತದೆ, ಗುಣಕ ಅಲ್ಲೇ ಬಯಲಾಗುತ್ತದೆ. ದಕ್ಷಿಣದಲ್ಲಿ ಚಿಲಿಯ 53 ಡಿಗ್ರಿಯ ಪುಂತಾ ಅರೇನಾಸ್ ಮತ್ತು ಅಂಟಾರ್ಕ್ಟಿಕಾದ ಸುಮಾರು 78 ಡಿಗ್ರಿಯ ಮೆಕ್‌ಮರ್ಡೊ ನೆಲೆ ಅಂಥದೇ ಜೋಡಿ.

ಈಗ ಹಡಗು ಚಲಿಸುವಾಗಿನ ಮುಖ್ಯ ತಿದ್ದುಪಡಿಗೆ ಬರೋಣ. ಪೂರ್ವಕ್ಕೆ ಹೋಗುವ ಹಡಗು ಭೂಮಿಯ ತಿರುಗುವಿಕೆಗೆ ತನ್ನ ವೇಗವನ್ನೂ ಸೇರಿಸುತ್ತದೆ, ಹೊರಮುಖ ಎಳೆತ ಹೆಚ್ಚುತ್ತದೆ, ಮಾಪಕ ಕಡಿಮೆ ಓದುತ್ತದೆ. ಪಶ್ಚಿಮಕ್ಕೆ ಹೋದರೆ ತಿರುಗುಮುರುಗು. ಎಟ್ವೊಷ್ ತಿದ್ದುಪಡಿ ಎಂಬ ಇದರ ಲೆಕ್ಕ ಹೀಗೆ: 7.503ನ್ನು ನಾಟ್‌ನಲ್ಲಿರುವ (ತಾಸಿಗೆ ಎಷ್ಟು ನಾವಿಕ ಮೈಲಿ ಎಂಬ) ವೇಗದಿಂದ, ಅಕ್ಷಾಂಶದ ಕೊಸೈನ್‌ನಿಂದ, ಉತ್ತರದಿಂದ ಅಳೆದ ಚಲನೆಯ ಕೋನದ ಸೈನ್‌ನಿಂದ ಗುಣಿಸಿ. ಅದಕ್ಕೆ ವೇಗದ ವರ್ಗದ 0.004154 ಪಟ್ಟು ಕೂಡಿಸಿ. ಬರುವ ಬೆಲೆ ಮಿಲಿಗಾಲ್‌ನಲ್ಲಿ. 10 ನಾಟ್‌ನಲ್ಲಿ ಪೂರ್ವಕ್ಕೆ ಸಾಗಿದರೆ ಸಮಭಾಜಕದಲ್ಲಿ ಮೊದಲ ಪದವೇ 75, ಅದು 80 ಡಿಗ್ರಿಯಲ್ಲಿ 13, 88 ಡಿಗ್ರಿಯಲ್ಲಿ 2.6.

ಇದನ್ನು ನೋಡಿ ಧ್ರುವದಲ್ಲಿ ಎಟ್ವೊಷ್ ಸಮಸ್ಯೆಯೇ ಇಲ್ಲ ಎಂದು ತೀರ್ಮಾನಿಸುವವರು ಉತ್ತರ, ದಕ್ಷಿಣ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಉತ್ತರದಲ್ಲಿ ಧ್ರುವವೇ ಕಡಲಿನ ನಡುವೆ ಇದೆ, ಹಡಗುಗಳು 80 ಡಿಗ್ರಿಯ ಆಚೆ ವಾರಗಟ್ಟಲೆ ಇರುತ್ತವೆ. ಅಂಟಾರ್ಕ್ಟಿಕಾದ ಸುತ್ತ ಧ್ರುವದ ಜಾಗದಲ್ಲಿ ಖಂಡ ಕೂತಿದೆ; ಮಂಜುಗಡ್ಡೆಯ ಬಹುಪಾಲು ಇರುವುದು 60ರಿಂದ 75 ಡಿಗ್ರಿಯ ಆಸುಪಾಸಿನಲ್ಲಿ. 65 ಡಿಗ್ರಿಯಲ್ಲಿ ಪೂರ್ವ-ಪಶ್ಚಿಮ ವೇಗದ ಪ್ರತಿ ನಾಟ್‌ಗೂ 3.17 ಮಿಲಿಗಾಲ್. 6 ನಾಟ್‌ನಲ್ಲಿ ಹೋಗುತ್ತಿದ್ದ ಹಡಗು ಅಲ್ಲಿ ನಿಂತರೆ 19 ಮಿಲಿಗಾಲ್‌ನ ಮೆಟ್ಟಿಲು, 80 ಡಿಗ್ರಿಯಲ್ಲಾದರೆ 7.8ರದು. ದಕ್ಷಿಣದಲ್ಲಿ ಇನ್ನೊಂದು ತೊಂದರೆ: ದಕ್ಷಿಣ ಮಹಾಸಾಗರದ ಉದ್ದ ಅಲೆಗಳು ಗಡ್ಡೆಯೊಳಗೆ ನೂರಾರು ಕಿಲೋಮೀಟರ್ ಹೊಕ್ಕಬಲ್ಲವು.

ವೇಗ ನಿಧಾನವಾಗಿ ಬದಲಾದರೆ ಲೆಕ್ಕದಲ್ಲಿ ತಪ್ಪಾಗುವುದು ಅಪರೂಪ. ಐಸ್‌ಬ್ರೇಕರಿನ ವೇಗ ಹಾಗೆ ಬದಲಾಗುವುದಿಲ್ಲ. ಮೆಟ್ಟಿಲು ಹತ್ತುವ ಹೊತ್ತು ಗುರುತ್ವದ ದಾಖಲೆಯಲ್ಲಿ ಒಂದು, ಸ್ಥಾನದ ದಾಖಲೆಯಲ್ಲಿ ಇನ್ನೊಂದು ಆಗಿದ್ದರೆ, ಆ ಎರಡರ ನಡುವಿನಷ್ಟೂ ಹೊತ್ತು ಪೂರ್ತಿ 7.8 ಮಿಲಿಗಾಲ್ ತಪ್ಪು ಇರುತ್ತದೆ. ಹೊತ್ತು ತಪ್ಪಲು ಕಾರಣಗಳು ಸಾಕಷ್ಟಿವೆ. ಮಾಪಕದ ಕಂಪ್ಯೂಟರ್ ತನ್ನದೇ ಗಡಿಯಾರದಲ್ಲಿ ಓಡುವುದು ಒಂದು. ಜಿಪಿಎಸ್ ಹೊತ್ತು ಮತ್ತು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬೆರೆಯುವುದು ಇನ್ನೊಂದು. 2017ರಿಂದ ಇವುಗಳ ಅಂತರ 18 ಸೆಕೆಂಡು. ಮೂರನೆಯದು, ಮಾಪಕ ಅಲ್ಲೇ ಸೋಸಿ, ಅಂದರೆ ಏರಿಳಿತವನ್ನು ಸರಾಸರಿಯಲ್ಲಿ ಕಳೆದು, ಕೊಡುವ ಓದು. ಅದು ಸೋಸುವಿಕೆಯಿಂದಲೇ ನಿಮಿಷಗಳಷ್ಟು ತಡವಾಗಿರುತ್ತದೆ, ಆ ತಡ ಎಷ್ಟೆಂದು ಕೈಪಿಡಿಯಲ್ಲಿ ಹುಡುಕುವವರು ಕಡಿಮೆ. ಸೋಸದ ಕಚ್ಚಾ ಓದನ್ನು ಸೆಕೆಂಡಿಗೊಂದರಂತಾದರೂ ಇಟ್ಟುಕೊಳ್ಳಿ, ಸೋಸುವುದನ್ನು ಆಮೇಲೆ ಎರಡೂ ದಿಕ್ಕಿಗೆ ಸಮನಾದ ಫಿಲ್ಟರಿನಿಂದ ಮಾಡಿ ಎಂದು ನಾನು ಹೇಳುವುದು ಇದಕ್ಕೇ.

ತಡ ಎಷ್ಟಿದೆ ಎಂದು ಕಂಡುಹಿಡಿಯುವುದಕ್ಕೆ ಹಡಗಿನ ಅಸ್ಥಿರ ನಡೆಯೇ ನೆರವಾಗುತ್ತದೆ. ಲೆಕ್ಕ ಹಾಕಿದ ಎಟ್ವೊಷ್ ಸಾಲನ್ನು ಒಂದೊಂದು ಸೆಕೆಂಡು ಹಿಂದೆ ಮುಂದೆ ಸರಿಸುತ್ತ, ತಿದ್ದಿದ ಗುರುತ್ವಕ್ಕೂ ಅದಕ್ಕೂ ಸಂಬಂಧ ಅತಿ ಕಡಿಮೆ ಆಗುವ ಜಾಗ ಹುಡುಕಿ. ಭೂಮಿಯ ಗುರುತ್ವಕ್ಕೆ ಹಡಗಿನ ವೇಗದ ಹಂಗಿಲ್ಲ, ಆದ್ದರಿಂದ ಉಳಿದ ಸಂಬಂಧವೆಲ್ಲ ತಪ್ಪಿನದ್ದೇ. ತೆರೆದ ಕಡಲಿನಲ್ಲಿ ಒಂದೇ ವೇಗದಲ್ಲಿ ಹೋಗುವ ಹಡಗಿನಲ್ಲಿ ಈ ಪರೀಕ್ಷೆಗೆ ಮೆಟ್ಟಿಲುಗಳೇ ಸಿಗುವುದಿಲ್ಲ. ಹಿಮಗಡಲಿನಲ್ಲಿ ತಾಸಿಗೆ ಹತ್ತು ಸಿಗುತ್ತವೆ.

ಎಟ್ವೊಷ್ ಸಾಲನ್ನೂ ಗುರುತ್ವದ ಸಾಲನ್ನೂ ಒಂದೇ ಫಿಲ್ಟರಿನಿಂದ ಸೋಸಬೇಕು. ಒಂದನ್ನು ಸೋಸಿ ಇನ್ನೊಂದನ್ನು ಚೂಪಾಗಿಯೇ ಬಿಟ್ಟರೆ ಪ್ರತಿ ಮೆಟ್ಟಿಲಿನ ಒಂದು ಬದಿಗೆ ಗುಂಡಿ, ಇನ್ನೊಂದು ಬದಿಗೆ ದಿಬ್ಬ ಕಾಣುತ್ತವೆ. ಇಂಥ ಗುಂಡಿ-ದಿಬ್ಬದ ಜೋಡಿಯನ್ನು ಕಡಲತಳದ ರಚನೆ ಎಂದು ಓದುವುದು ಬಹಳ ಸುಲಭ. ಚಲನೆಯ ಕೋನಕ್ಕೆ ಹಡಗಿನ ಮೂತಿಯ ದಿಕ್ಕು ಬಳಸಬಾರದು. ಗಡ್ಡೆಯ ಒತ್ತಡದಲ್ಲಿ ಮೂತಿ ಒಂದು ಕಡೆ, ಹಡಗು ಸಾಗುವುದು ಇನ್ನೊಂದು ಕಡೆ. ನೆಲಕ್ಕೆ ಹೋಲಿಸಿದ ನಿಜವಾದ ಚಲನೆಯೇ ಬೇಕು. ಭೂಮಿಯ ತಿರುಗುವಿಕೆಯಿಂದ ಉತ್ತರ ಹುಡುಕುವ ಗೈರೊ ದಿಕ್ಸೂಚಿಯ ಹಿಡಿತ ಅಕ್ಷಾಂಶದ ಕೊಸೈನ್‌ನಂತೆ ಕುಗ್ಗುವುದರಿಂದ, 85 ಡಿಗ್ರಿಯ ಆಚೆ ಅದು ಹೇಳುವ ದಿಕ್ಕನ್ನು ಬೇರೆ ಸಾಕ್ಷಿಯಿಲ್ಲದೆ ಒಪ್ಪಬಾರದು. ಎರಡು ಆಂಟೆನಾಗಳ ಜಿಎನ್‌ಎಸ್‌ಎಸ್ ದಿಕ್ಕು ವಾಸಿ.

ಜಿಎನ್‌ಎಸ್‌ಎಸ್‌ಗೂ ಅಲ್ಲಿ ತನ್ನ ಕಷ್ಟಗಳಿವೆ. ಜಿಪಿಎಸ್ ಕಕ್ಷೆಗಳ ವಾಲು 55 ಡಿಗ್ರಿ. ಧ್ರುವದಲ್ಲಿ ನಿಂತವರಿಗೆ ಯಾವ ಜಿಪಿಎಸ್ ಉಪಗ್ರಹವೂ ಸುಮಾರು 45 ಡಿಗ್ರಿಗಿಂತ ಮೇಲೇರುವುದಿಲ್ಲ, ನೆತ್ತಿ ಖಾಲಿ. ಹಾಗಾಗಿ ಎತ್ತರದ ನಿಖರತೆ ಕುಸಿಯುತ್ತದೆ, ಅಡ್ಡ ಸ್ಥಾನ ಚೆನ್ನಾಗಿಯೇ ಇರುತ್ತದೆ. ಕಕ್ಷೆಯ ವಾಲು ಹೆಚ್ಚಿರುವ, ರಷ್ಯಾದ ಗ್ಲೊನಾಸ್ ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ತಿದ್ದುಪಡಿ ಸಂಕೇತ ಕಳುಹಿಸುವ ಭೂಸ್ಥಿರ ಉಪಗ್ರಹಗಳು 81 ಡಿಗ್ರಿಯ ಆಚೆ ದಿಗಂತದ ಕೆಳಗೆ ಹೋಗುತ್ತವೆ. ಆದ್ದರಿಂದ ರಿಸೀವರಿನ ಕಚ್ಚಾ ದಾಖಲೆಯನ್ನು ಉಳಿಸಿಕೊಂಡು, ಮರಳಿ ಬಂದ ಮೇಲೆ ನಿಖರ ಕಕ್ಷೆಗಳಿಂದ ಲೆಕ್ಕ ಹಾಕುವುದು ಸರಿ. ವೇಗವನ್ನು ಅಕ್ಷಾಂಶ, ರೇಖಾಂಶಗಳ ವ್ಯತ್ಯಾಸದಿಂದ ತೆಗೆಯಬೇಡಿ. ಧ್ರುವದ ಹತ್ತಿರ ರೇಖಾಂಶದ ಒಂದು ಡಿಗ್ರಿ ಕೆಲವೇ ನೂರು ಮೀಟರ್ ಆಗುತ್ತದೆ, 180 ದಾಟಿದಾಗ ಚಿಹ್ನೆ ಬದಲಾಗುತ್ತದೆ, ಪ್ರೋಗ್ರಾಮು 179.9ಕ್ಕೂ −179.9ಕ್ಕೂ ಸರಾಸರಿ ತೆಗೆದು ಹಡಗನ್ನು ಗ್ರೀನ್‌ವಿಚ್ ರೇಖೆಯ ಮೇಲೆ ಕೂರಿಸುತ್ತದೆ. ಸ್ಥಾನವನ್ನು ಧ್ರುವವನ್ನೇ ನಡುವೆ ಇಟ್ಟು ಬರೆದ ಧ್ರುವೀಯ ಸ್ಟೀರಿಯೋಗ್ರಾಫಿಕ್ ನಕ್ಷೆಯ ಮೀಟರುಗಳಲ್ಲಿ ಇಟ್ಟುಕೊಂಡು, ನಕ್ಷೆಯ ಅಳತೆ ಅನುಪಾತ ಸರಿಪಡಿಸಿ ವೇಗ ತೆಗೆದು, ಆಮೇಲೆ ಪೂರ್ವದ ಪಾಲನ್ನು ಬೇರ್ಪಡಿಸಿದರೆ ಈ ಗೋಳಿಲ್ಲ.

ಒಂದು ಗುದ್ದನ್ನು ಹತ್ತಿರದಿಂದ ನೋಡೋಣ. ಗಡ್ಡೆಯ ದಪ್ಪ ಏಣಿನ ಮುಂದೆ ಹಡಗು ನಿಂತಿದೆ. ಒಂದೆರಡು ಹಡಗುದ್ದ ಹಿಂದೆ ಸರಿಯುತ್ತದೆ, ನಿಲ್ಲುತ್ತದೆ, ಪೂರ್ಣ ಶಕ್ತಿಯಲ್ಲಿ ಮುಂದೆ ಬರುತ್ತದೆ. 8 ನಾಟ್‌ನಲ್ಲಿ, ಅಂದರೆ ಸೆಕೆಂಡಿಗೆ 4.1 ಮೀಟರ್ ವೇಗದಲ್ಲಿ ಗಡ್ಡೆಗೆ ಬಡಿಯುತ್ತದೆ. ಮೂತಿ ಗಡ್ಡೆಯ ಮೇಲೆ ಹತ್ತುತ್ತದೆ, ಹತ್ತು ಸೆಕೆಂಡಿನಲ್ಲಿ ಹಡಗು ನಿಲ್ಲುತ್ತದೆ. ಈ ಹತ್ತು ಸೆಕೆಂಡು ಮಾಪಕದ ಮೇಲೆ ಸರಾಸರಿ 41,000 ಮಿಲಿಗಾಲ್‌ನ ಅಡ್ಡ ಎಳೆತ. ಪ್ಲಾಟ್‌ಫಾರಂ ತನ್ನ ವೇಗೋತ್ಕರ್ಷಮಾಪಕಗಳನ್ನು ನೋಡಿ "ಕೆಳಗೆ ಎಂದರೆ ಎಲ್ಲಿ" ಎಂದು ತಿಳಿಯುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಲಂಬರೇಖೆ 2.4 ಡಿಗ್ರಿ ವಾಲಿದಂತೆ ಕಾಣುತ್ತದೆ. ಅದರ ಆವರ್ತ ನಾಲ್ಕು ನಿಮಿಷದಷ್ಟಿದ್ದರೆ ಹತ್ತು ಸೆಕೆಂಡಿನಲ್ಲಿ ಪೂರ್ತಿ ವಾಲಲಾರದು, ಆದರೆ ಒಂದಿಷ್ಟು ವಾಲುತ್ತದೆ. ಹಡಗು ನಿಂತ ಮೇಲೂ ವಾಲಿದ್ದು ಸರಿಯಾಗಲು ನಿಮಿಷಗಳೇ ಬೇಕು. ಮಾಪಕ 0.1 ಡಿಗ್ರಿ ವಾಲಿದ್ದರೆ ಗುರುತ್ವ 1.5 ಮಿಲಿಗಾಲ್ ಕಡಿಮೆ ಕಾಣುತ್ತದೆ, 0.3 ಡಿಗ್ರಿ ವಾಲಿದ್ದರೆ 13.5, ಅರ್ಧ ಡಿಗ್ರಿಗೆ 37. ಕೋನದ ವರ್ಗದಂತೆ ಬೆಳೆಯುವ ಈ ತಪ್ಪು, ಯಾವ ಕಡೆಗೆ ವಾಲಿದರೂ ಓದನ್ನು ತಗ್ಗಿಸುವುದೇ ಹೊರತು ಏರಿಸುವುದಿಲ್ಲ. ಐದು ಸಲ ಗುದ್ದಿದರೆ ಐದು ತಗ್ಗುಗಳು ಕೂಡಿ, ಸೋಸಿದ ಮೇಲೆ ನುಣುಪಾದ ಒಂದೇ ಕಣಿವೆಯಾಗುತ್ತವೆ. ನಕ್ಷೆಯ ಮೇಲೆ ಅದು ಎಷ್ಟು ಸಹಜವಾಗಿ ಕಾಣುತ್ತದೆ ಎಂದರೆ, ಹಡಗಿನ ಲಾಗ್ ಪಕ್ಕದಲ್ಲಿಲ್ಲದೆ ಯಾರೂ ಅನುಮಾನಪಡಲಾರರು.

ಇದಕ್ಕೆ ಎರಡು ಮದ್ದುಗಳಿವೆ. ಪ್ಲಾಟ್‌ಫಾರಂನ ವೇಗೋತ್ಕರ್ಷಮಾಪಕಗಳ ಕಚ್ಚಾ ದಾಖಲೆ ಇದ್ದರೆ, ಜಿಎನ್‌ಎಸ್‌ಎಸ್‌ನಿಂದ ತೆಗೆದ ನಿಜವಾದ ಅಡ್ಡ ವೇಗೋತ್ಕರ್ಷವನ್ನು ಅದರಿಂದ ಕಳೆದು ವಾಲಿದ ಕೋನ ತೆಗೆಯಬಹುದು, ಅಷ್ಟನ್ನು ಓದಿಗೆ ಮರಳಿ ಕೂಡಿಸಬಹುದು. ದಾಖಲೆ ಇಲ್ಲದಿದ್ದರೆ ಕತ್ತರಿಸುವುದೇ ದಾರಿ. ಹಿಂದೆ ಸರಿಯಲು ಶುರುವಾದ ಹೊತ್ತಿನಿಂದ, ಕೊನೆಯ ಗುದ್ದು ಮುಗಿದು ಹತ್ತು ನಿಮಿಷ ಆಗುವವರೆಗಿನದೆಲ್ಲ ತೆಗೆದುಹಾಕಬೇಕು ಎನ್ನುವುದು ನನ್ನ ಲೆಕ್ಕ. ನಾಲ್ಕು ನಿಮಿಷ ಪ್ಲಾಟ್‌ಫಾರಂಗೆ, ಆರು ನಿಮಿಷ ಫಿಲ್ಟರಿಗೆ. ಸೋಸುವ ಮೊದಲೇ ಕತ್ತರಿಸಬೇಕು. ಸೋಸಿದ ಮೇಲೆ ಕತ್ತರಿಸಿದರೆ ಕೆಟ್ಟದ್ದು ಆಗಲೇ ಅಕ್ಕಪಕ್ಕಕ್ಕೆ ಹರಡಿರುತ್ತದೆ. ಕತ್ತರಿಸಿದ ಜಾಗವನ್ನು ಅಂದಾಜು ಗೆರೆಯಿಂದ ತುಂಬಬೇಡಿ, ಖಾಲಿ ಬಿಡಿ.

ಭಾರಿ ಏಟು ಬಿದ್ದಾಗ ಸ್ಪ್ರಿಂಗಿನ ಮಾಪಕ ಒಮ್ಮೆಲೇ ಒಂದೆರಡು ಮಿಲಿಗಾಲ್ ಜಿಗಿದು ಅಲ್ಲೇ ಉಳಿದುಬಿಡಬಹುದು. ಜಾರಿಕೆಯನ್ನು ಬಂದರಿನಿಂದ ಬಂದರಿಗೆ ನೇರ ಗೆರೆ ಎಂದು ಹಂಚಿದರೆ ಈ ಜಿಗಿತ ಇಡೀ ಪಯಣಕ್ಕೆ ಹರಡಿಕೊಳ್ಳುತ್ತದೆ. ಅದನ್ನು ಹಿಡಿಯಲು ನಿಂತ ಹಡಗಿನ ಓದುಗಳು ಬೇಕು. ನೀರಿನ ಮಾದರಿ ತೆಗೆಯಲು ಹಡಗು ಗಡ್ಡೆಯ ನಡುವೆ ಮೂರು ನಾಲ್ಕು ತಾಸು ನಿಲ್ಲುತ್ತದೆ. ಗಡ್ಡೆಯ ಜೊತೆ 0.3 ನಾಟ್‌ನಲ್ಲಿ ತೇಲಿದರೂ 80 ಡಿಗ್ರಿಯಲ್ಲಿ ಎಟ್ವೊಷ್ ಹೆಚ್ಚೆಂದರೆ 0.4 ಮಿಲಿಗಾಲ್. ಅಲೆಯಿಲ್ಲ, ಗುದ್ದಿಲ್ಲ. ಸಮುದ್ರದಲ್ಲಿ ಇದಕ್ಕಿಂತ ಒಳ್ಳೆಯ ಗುರುತ್ವದ ಓದು ಸಿಗುವುದಿಲ್ಲ. ಆ ಜಾಗಕ್ಕೆ ಬರುವಾಗಿನ ಸಾಲು, ನಿಂತಾಗಿನ ಓದು, ಹೊರಡುವಾಗಿನ ಸಾಲು ಮೂರೂ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ತಪ್ಪು ಚಲಿಸುವಾಗಿನದ್ದು.

ನಿಂತ ಹಡಗಿನ ಈ ಗುಣ ಹೊಸ ಸಂಗತಿಯಲ್ಲ. ನಾರ್ವೆಯ ಅನ್ವೇಷಕ ನಾನ್ಸೆನ್‌ರ ಫ್ರಾಮ್ ಹಡಗು 1893ರಿಂದ 1896ರವರೆಗೆ ಗಡ್ಡೆಯಲ್ಲಿ ಹೆಪ್ಪುಗಟ್ಟಿ ತೇಲುತ್ತಿದ್ದಾಗ ಸಿಗುರ್ಡ್ ಸ್ಕಾಟ್ ಹಾನ್ಸೆನ್ ಲೋಲಕಗಳಿಂದ ಗುರುತ್ವ ಅಳೆದರು. ಡಚ್ ಭೂಭೌತವಿಜ್ಞಾನಿ ವೆನಿಂಗ್ ಮೈನೆಸ್ 1923ರಲ್ಲಿ ಜಲಾಂತರ್ಗಾಮಿಯೊಳಗೆ ಲೋಲಕ ಹೊತ್ತು ಹೊರಟದ್ದು ಅಲೆಯಿಂದ ತಪ್ಪಿಸಿಕೊಳ್ಳಲು. ಫ್ರಾಮ್‌ಗೆ ಆ ಶಾಂತಿಯನ್ನು ಗಡ್ಡೆಯೇ ಕೊಟ್ಟಿತ್ತು. 1990ರ ದಶಕದಲ್ಲಿ ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳು ಆರ್ಕ್ಟಿಕ್ ಗಡ್ಡೆಯ ಕೆಳಗೆ ಗುರುತ್ವ ಅಳೆದಾಗ ಗುದ್ದುವ ಪ್ರಶ್ನೆಯೂ ಇರಲಿಲ್ಲ.

ಹಡಗಿನಿಂದ ಇಳಿದು ಗಡ್ಡೆಯ ಮೇಲೇ ಸಣ್ಣ ಮಾಪಕ ಇಟ್ಟು ಓದುವುದೂ ಉಂಟು. ನೋಡಲು ನೆಲದಂತಿದ್ದರೂ ಅದು ನೆಲವಲ್ಲ. 30 ಸೆಕೆಂಡಿನ ಉದ್ದ ಅಲೆ ಗಡ್ಡೆಯನ್ನು ಬರಿಯ ಒಂದು ಮಿಲಿಮೀಟರ್ ಎತ್ತಿ ಇಳಿಸಿದರೂ 4.4 ಮಿಲಿಗಾಲ್ ಹುಟ್ಟುತ್ತದೆ. ಓದಿನ ಗೆರೆ ಅತ್ತಿತ್ತ ನಿಧಾನವಾಗಿ ತೂಗುತ್ತದೆ, ನಡುಬಿಂದು ಹುಡುಕಲು ಹತ್ತು ಹದಿನೈದು ನಿಮಿಷ ಕೂರಬೇಕು. ಮೂರು ಕಾಲುಗಳ ಕೆಳಗೆ ಹಲಗೆ ಹಾಕಿ, ಇಲ್ಲವಾದರೆ ಮಾಪಕದ ಬಿಸಿಗೆ ಗಡ್ಡೆ ಕರಗಿ ಸಮತಲ ತಪ್ಪುತ್ತದೆ. ಒಳಗೆ ಬಿಸಿ ಕಾಯ್ದುಕೊಳ್ಳಬೇಕಾದ ಮಾಪಕ ಶೀತದಲ್ಲಿ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಬದಲಿ ಬ್ಯಾಟರಿ ಕೋಟಿನ ಒಳಗಿರಲಿ. ಹಡಗಿನೊಳಕ್ಕೆ ತಂದೊಡನೆ ಪೆಟ್ಟಿಗೆ ತೆರೆಯಬಾರದು, ಬೆಚ್ಚನೆಯ ಗಾಳಿಯ ತೇವ ತಣ್ಣನೆಯ ಲೋಹ, ಗಾಜುಗಳ ಮೇಲೆ ಹನಿಯಾಗಿ ಕೂರುತ್ತದೆ. ಚೀಲದಲ್ಲೇ ಕಟ್ಟಿಟ್ಟು ಕೋಣೆಯ ಉಷ್ಣತೆಗೆ ಬರಲು ಬಿಡಬೇಕು. ಗಡ್ಡೆಯ ತೂಕವೇ ಗುರುತ್ವವನ್ನು ಬದಲಿಸುವುದಿಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. ತೇಲುವ ಗಡ್ಡೆ ತನ್ನ ತೂಕದಷ್ಟೇ ನೀರನ್ನು ಸರಿಸಿರುತ್ತದೆ, ಹೀಗಾಗಿ ವಿಶಾಲ ಹಾಸಿನ ಮಟ್ಟಿಗೆ ನಿವ್ವಳ ಪರಿಣಾಮ ನಗಣ್ಯ.

ಫಿಲ್ಟರ್ ಎಷ್ಟು ಉದ್ದ ಇರಬೇಕು ಎನ್ನುವುದಕ್ಕೆ ಉತ್ತರ ನೀರಿನ ಆಳದಲ್ಲಿದೆ. ತಳದ ರಚನೆಯ ಗುರುತ್ವ ಮೇಲೆ ಬರುವಷ್ಟರಲ್ಲಿ ಸೊರಗುತ್ತದೆ, ರಚನೆ ಚಿಕ್ಕದಾದಷ್ಟೂ ಹೆಚ್ಚು. ನೀರು 4 ಕಿಲೋಮೀಟರ್ ಆಳವಿದ್ದರೆ, 10 ಕಿಲೋಮೀಟರ್ ತರಂಗಾಂತರದ ಸಂಕೇತದಲ್ಲಿ ಮೇಲೆ ಉಳಿಯುವುದು ಶೇ. 8, 4 ಕಿಲೋಮೀಟರಿನದಾದರೆ ಶೇ. 0.2. ಅಲ್ಲಿ 3 ನಾಟ್‌ನಲ್ಲಿ ಹೋಗುವ ಹಡಗಿಗೆ ಆರು ನಿಮಿಷದ ಫಿಲ್ಟರ್ ಎಂದರೆ ಬರಿಯ 550 ಮೀಟರ್. ಇನ್ನೂ ಉದ್ದ ಮಾಡಿದರೂ ಏನೂ ಕಳೆಯುವುದಿಲ್ಲ. 300 ಮೀಟರ್ ಆಳದ ಖಂಡದಂಚಿನಲ್ಲಿ 2 ಕಿಲೋಮೀಟರಿನ ಸಂಕೇತದ ಶೇ. 39 ಮೇಲೆ ಬರುತ್ತದೆ, ಅಲ್ಲಿ ಜಿಪುಣತನ ಬೇಕು. ನಿಂತು ನಿಂತು ಸಾಗುವ ಹಡಗಿನ ಓದುಗಳನ್ನು ಹೊತ್ತಿನ ಬದಲು ದೂರದ ಲೆಕ್ಕದಲ್ಲಿ, ಒಂದೊಂದು ಕಿಲೋಮೀಟರಿಗೆ ಒಂದು ಗುಂಪು ಮಾಡಿ, ಹೆಚ್ಚು ಹೊತ್ತು ನಿಂತ ಜಾಗಕ್ಕೆ ಹೆಚ್ಚು ತೂಕ ಕೊಟ್ಟರೆ ಸಾಲು ನಂಬುವಂತಾಗುತ್ತದೆ.

ಬೂಗೆ ತಿದ್ದುಪಡಿಗೆ, ಅಂದರೆ ಕಡಲ ನೀರನ್ನು ಬಂಡೆಯಿಂದ ತುಂಬಿದಂತೆ ಲೆಕ್ಕ ಹಾಕುವುದಕ್ಕೆ, ಆಳ ಬೇಕು. ನೀರಿನ ಜಾಗದಲ್ಲಿ 2.67 ಸಾಂದ್ರತೆಯ ಬಂಡೆ ಇದೆ ಎಂದುಕೊಂಡರೆ ಪ್ರತಿ ಮೀಟರಿಗೆ 0.0688 ಮಿಲಿಗಾಲ್. ಗಡ್ಡೆ ಹಡಗಿನ ಒಡಲಿನ ಕೆಳಗೆ ಉಜ್ಜುತ್ತ ಹೋಗುವಾಗ ಪ್ರತಿಧ್ವನಿ ಮಾಪಕ ತಳ ಕಳೆದುಕೊಳ್ಳುತ್ತದೆ, 50 ಮೀಟರ್ ತಪ್ಪು ಹೇಳಿದರೆ 3.4 ಮಿಲಿಗಾಲ್ ಹೋಯಿತು. ಆಳ ನಂಬಲಾಗದ ಕಡೆ ಈ ತಿದ್ದುಪಡಿಯಿಲ್ಲದ ಫ್ರೀ ಏರ್ ಬೆಲೆಯನ್ನಷ್ಟೇ ಪ್ರಕಟಿಸುವುದು ಪ್ರಾಮಾಣಿಕ ಕೆಲಸ.

ಕೊನೆಯದಾಗಿ ಹಳೆಯ ಸಾಲುಗಳನ್ನು ಹೊಸದಕ್ಕೆ ಸೇರಿಸುವ ವಿಷಯ. 1971ಕ್ಕೆ ಮೊದಲಿನ ಬಂದರು ಬೆಲೆಗಳು ಜರ್ಮನಿಯ ಪಾಟ್ಸ್‌ಡಾಮ್‌ನ ಹಳೆಯ ಅಳತೆಗೆ ಕಟ್ಟಿದ ಪಾಟ್ಸ್‌ಡಾಮ್ ಮಾನಕದವು, ಅವು ಸುಮಾರು 14 ಮಿಲಿಗಾಲ್ ಹೆಚ್ಚು. ಆಗಿನ ವೈಪರೀತ್ಯಗಳನ್ನು, ಅಂದರೆ ಅಳೆದ ಗುರುತ್ವಕ್ಕೂ ಸೂತ್ರದ ಬೆಲೆಗೂ ಇರುವ ಅಂತರವನ್ನು, ಲೆಕ್ಕ ಹಾಕಿದ್ದು 1930ರ ಪ್ರಮಾಣಸೂತ್ರದಿಂದ, ಅದರ ಬೆಲೆಯೂ ಹೆಚ್ಚೇ: ಸಮಭಾಜಕದಲ್ಲಿ ಈಗಿನದಕ್ಕಿಂತ 16.3, ಧ್ರುವದಲ್ಲಿ 2.7 ಮಿಲಿಗಾಲ್. ಸಮಭಾಜಕದ ಬಳಿ ಈ ಎರಡು ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ, ಹಳೆಯ ಸಾಲನ್ನು ಹಾಗೆಯೇ ಸೇರಿಸಿದರೂ 2 ಮಿಲಿಗಾಲ್ ಆಚೀಚೆ ಆಗುತ್ತದೆ ಅಷ್ಟೆ. ಧ್ರುವದ ಬಳಿ ಕಳೆಯುವುದಿಲ್ಲ: ಹಳೆಯ ವೈಪರೀತ್ಯ ಸುಮಾರು 11 ಮಿಲಿಗಾಲ್ ಹೆಚ್ಚಾಗಿಯೇ ನಿಂತಿರುತ್ತದೆ. ಎರಡು ಕಾಲದ ಸಾಲುಗಳು ಅಡ್ಡ ಹಾಯುವ ಜಾಗಗಳಲ್ಲಿ ಒಂದೇ ಚಿಹ್ನೆಯ, 11ರ ಆಸುಪಾಸಿನ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಮಾಪಕವನ್ನು ದೂರುವ ಮೊದಲು ಹಳೆಯ ಕಡತದ ತಲೆಬರಹದಲ್ಲಿ ಮಾನಕ ಯಾವುದು, ಸೂತ್ರ ಯಾವುದು ಎಂದು ನೋಡಿ. ಅಲ್ಲಿ ಬರೆದಿಲ್ಲದಿದ್ದರೆ ಬಂದರಿನ ಮೂಲ ಬೆಲೆಯನ್ನು ಹುಡುಕಿ, ಅಲ್ಲಿಂದ ಪೂರ್ತಿ ಲೆಕ್ಕವನ್ನು ಮತ್ತೆ ಮಾಡಿ. ಬರಿ 11 ಕಳೆದು ಮುಗಿಸಿದರೆ 70 ಡಿಗ್ರಿಯ ಸಾಲುಗಳು ಮತ್ತೆ ತಪ್ಪುತ್ತವೆ, ಏಕೆಂದರೆ ಈ ಅಂತರ ಅಕ್ಷಾಂಶದೊಂದಿಗೆ ಬದಲಾಗುತ್ತ ಹೋಗುತ್ತದೆ.